ಎರಡು ಬೆರಳು ನೆರಳು

ಗವಿಪುರದ ಗಂಗಾಧರೇಶ್ವರನ ಗುಹೆಯೊಳಕ್ಕೆ ಸಂಜೆಯ ಬಿಸಿಲು ವರ್ಷದಲ್ಲಿ ಎರಡು ಸಲ ಹೋಗುತ್ತದೆ. ಒಂದು ಸಲ ಊರಿಗೆಲ್ಲ ಗೊತ್ತು. ಮಕರ ಸಂಕ್ರಾಂತಿಯ ಸಂಜೆ ಕಿಟಕಿ ದಾಟಿ, ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ಆ ಬೆಳಕನ್ನು ನೋಡಲು ಸುತ್ತಲಿನ ಬೀದಿಗಳೆಲ್ಲ ತುಂಬಿಹೋಗುತ್ತವೆ, ಟಿವಿಯವರು ನೇರಪ್ರಸಾರ ಮಾಡುತ್ತಾರೆ. ಇನ್ನೊಂದು ಸಲ ನವೆಂಬರ್ ಕೊನೆಯಲ್ಲಿ. ಆಗ ಗುಡಿ ಎಂದಿನಂತೆ ಖಾಲಿ. 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಎರಡೂ ಅವಧಿಗಳನ್ನು ದಾಖಲಿಸಿದೆ: ಜನವರಿ 13ರಿಂದ 16, ಮತ್ತು ನವೆಂಬರ್ 26ರಿಂದ ಡಿಸೆಂಬರ್ 2.

ಕ್ಯಾಲೆಂಡರ್ ತೆಗೆದು ನವೆಂಬರ್ 27ರಿಂದ ಜನವರಿ 14ರವರೆಗೆ ಎಣಿಸಿ. 48 ದಿನ. ಅರ್ಧ ಮಾಡಿದರೆ 24. ನವೆಂಬರ್ 27ಕ್ಕೆ 24 ಸೇರಿಸಿದರೆ ಡಿಸೆಂಬರ್ 21. ಸೂರ್ಯ ದಕ್ಷಿಣದ ಕೊನೆ ಮುಟ್ಟಿ ಉತ್ತರಕ್ಕೆ ತಿರುಗುವುದು ಅವತ್ತೇ. ಹೋಗುವಾಗ ಯಾವ ದಾರಿಯೋ ಬರುವಾಗಲೂ ಅದೇ ದಾರಿ, ಆದ್ದರಿಂದ ಕಿಟಕಿಗೆ ಎದುರಾಗಿ ಎರಡು ಸಲ ಸಿಗುತ್ತಾನೆ. ವ್ಯತ್ಯಾಸ ಗಡಿಯಾರದಲ್ಲಿ ಮಾತ್ರ. ಬೆಂಗಳೂರಿನಲ್ಲಿ ಸೂರ್ಯನ ನಡುಹಗಲು ನವೆಂಬರ್ 27ಕ್ಕೆ 12 ಗಂಟೆ 7 ನಿಮಿಷದ ಸುಮಾರಿಗೆ, ಜನವರಿ 14ಕ್ಕೆ 12 ಗಂಟೆ 29 ನಿಮಿಷದ ಸುಮಾರಿಗೆ. ಹಾಗಾಗಿ ಸಂಕ್ರಾಂತಿಯಂದು ಕಂಡ ಬೆಳಕನ್ನೇ ನವೆಂಬರಿನಲ್ಲಿ ನೋಡಬೇಕಾದರೆ ಇಪ್ಪತ್ತು ನಿಮಿಷ ಮುಂಚೆ ಹೋಗಿ ನಿಂತಿರಬೇಕು. 1792ರಲ್ಲಿ ಇಂಗ್ಲೆಂಡಿನ ಡೇನಿಯಲ್ ಚಿತ್ರಕಾರರು ಬರೆದ ಈ ಗುಡಿಯ ಚಿತ್ರದಲ್ಲಿ ಈಗಿರುವ ಕೆಲವು ಗೋಡೆಗಳಿಲ್ಲ ಎಂಬುದನ್ನೂ ಆ ಅಧ್ಯಯನ ಪರಿಶೀಲಿಸಿತ್ತು. ಬೆಳಕಿನ ದಾರಿ ಮೊದಲು ಇನ್ನೂ ತೆರೆದುಕೊಂಡಿತ್ತು.

ಗುಡಿ ಯಾರ ಅರಿವಿಗೂ ಬಾರದಂತೆ ಮಾಡುತ್ತಿರುವ ಈ ಅರ್ಧ ಮಾಡುವ ಲೆಕ್ಕ ಮನುಷ್ಯನ ಬಹಳ ಹಳೆಯ ಜಾಣತನಗಳಲ್ಲಿ ಒಂದು. ಏಕೆಂದರೆ ಅಯನದ ದಿನವನ್ನು, ಅಂದರೆ ಸೂರ್ಯ ಹೀಗೆ ತಿರುಗುವ ದಿನವನ್ನು, ಅದೇ ದಿನ ಕಣ್ಣಿಂದ ನೋಡಿ ಹಿಡಿಯಲು ಆಗುವುದಿಲ್ಲ. ವರ್ಷದ ಅತಿ ಉದ್ದದ ರಾತ್ರಿಯ ಹಬ್ಬಗಳನ್ನು ದೇಶ ದೇಶಗಳಲ್ಲಿ ನೋಡುತ್ತಾ ಹೋದರೆ ಒಂದು ಡಿಸೆಂಬರ್ 13ಕ್ಕೆ, ಒಂದು 17ಕ್ಕೆ, ಒಂದು 25ಕ್ಕೆ, ನಮ್ಮದು ಜನವರಿ 14ಕ್ಕೆ. ಇದು ಯಾರ ಅಜ್ಞಾನವೂ ಅಲ್ಲ. ಹಿಡಿಯಲಾಗದ ಒಂದು ದಿನವನ್ನು ಹಿಡಿದಿಡಲು ಪ್ರತಿಯೊಬ್ಬರೂ ಪಟ್ಟ ಪಾಡಿನ ಗುರುತು ಅದು.

ಎಷ್ಟು ಕಷ್ಟ ಎಂಬುದು ಮನೆಯ ತಾರಸಿಯಲ್ಲೇ ತಿಳಿಯುತ್ತದೆ. ಒಂದು ಮೀಟರ್ ಎತ್ತರದ ನೆಟ್ಟಗಿನ ಕೋಲು ನಿಲ್ಲಿಸಿ. ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಇದಕ್ಕೆ ಶಂಕು ಎಂದು ಹೆಸರು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಹಗಲಿಗೆ ಸೂರ್ಯ ನಮ್ಮ ನೆತ್ತಿಯಿಂದ 36 ಡಿಗ್ರಿ ಚಿಲ್ಲರೆ ದಕ್ಷಿಣಕ್ಕೆ ಇರುತ್ತಾನೆ, ಕೋಲಿನ ನೆರಳು ಉತ್ತರಕ್ಕೆ ಹೆಚ್ಚುಕಡಿಮೆ 74 ಸೆಂಟಿಮೀಟರ್ ಬೀಳುತ್ತದೆ. ವರ್ಷದ ಅತಿ ಉದ್ದದ ನಡುಹಗಲ ನೆರಳು ಇದೇ. ಇದಕ್ಕೆ ಒಂದು ವಾರ ಮೊದಲು ಅಳೆದರೆ? ಅರ್ಧ ಸೆಂಟಿಮೀಟರ್ ಕಡಿಮೆ, ಅಷ್ಟೇ. ಹಿಂದಿನ ದಿನ ಅಳೆದರೆ ವ್ಯತ್ಯಾಸ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಸೂರ್ಯ ಚುಕ್ಕಿಯಲ್ಲ, ತಟ್ಟೆ. ಹಾಗಾಗಿ ಕೋಲಿನ ತುದಿಯ ನೆರಳಿಗೆ ಚೂಪಾದ ಅಂಚೇ ಇರುವುದಿಲ್ಲ. ಒಂದು ಸೆಂಟಿಮೀಟರಿಗೂ ಹೆಚ್ಚು ಅಗಲಕ್ಕೆ ಮಸುಕು ಹರಡಿರುತ್ತದೆ. ಹತ್ತು ಮಿಲಿಮೀಟರ್ ಮಸುಕಿನೊಳಗೆ ಹತ್ತನೇ ಒಂದು ಮಿಲಿಮೀಟರ್ ಹುಡುಕುವುದು ಆಗದ ಮಾತು. ಲ್ಯಾಟಿನ್ ಭಾಷೆಯಲ್ಲಿ ಈ ದಿನದ ಹೆಸರಿನ ಅರ್ಥವೇ ‘ಸೂರ್ಯ ನಿಲ್ಲುವುದು’. ನಮ್ಮ ವೇದಕಾಲದ ಗ್ರಂಥ ಕೌಷೀತಕಿ ಬ್ರಾಹ್ಮಣವೂ ಮಾಘದ ಅಮಾವಾಸ್ಯೆಯಂದು ಸೂರ್ಯ ಉತ್ತರಕ್ಕೆ ಹೊರಡುವ ಮುನ್ನ ನಿಲ್ಲುತ್ತಾನೆ ಎನ್ನುತ್ತದೆ. ಒಬ್ಬರನ್ನೊಬ್ಬರು ಕಾಣದ ಇಬ್ಬರು ಒಂದೇ ಮಾತಾಡಿದ್ದಾರೆ.

ಮಾಡಿ ನೋಡುವವರಿಗೆ ಕೆಲವು ಎಚ್ಚರಿಕೆಗಳಿವೆ. ಮೊದಲನೆಯದು ತಾರಸಿಯದೇ. ಮಳೆನೀರು ಹರಿಯಲೆಂದು ಅದಕ್ಕೆ ವಾಟ ಕೊಟ್ಟಿರುತ್ತಾರೆ. ನೂರಕ್ಕೆ ಒಂದರಷ್ಟು ಇಳಿಜಾರಿದ್ದರೂ ನೆರಳು ಅರ್ಧ ಸೆಂಟಿಮೀಟರಿನಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಅಂದರೆ ಒಂದು ವಾರದ ಬದಲಾವಣೆಯನ್ನೇ ನುಂಗಿಬಿಡುತ್ತದೆ. ಆದ್ದರಿಂದ ಒಂದು ಹಲಗೆ ಹಾಕಿ, ಗಾರೆ ಕೆಲಸದವರ ಮಟ್ಟದ ಕೊಳವೆ ಇಟ್ಟು ಎರಡೂ ದಿಕ್ಕಿಗೆ ಸರಿಮಾಡಿಕೊಳ್ಳಬೇಕು. ಎರಡನೆಯದು ಕೋಲಿನ ವಾಲು. ಒಂದು ಡಿಗ್ರಿ ವಾಲಿದರೆ ತುದಿ ಒಂದೂಮುಕ್ಕಾಲು ಸೆಂಟಿಮೀಟರ್ ಸರಿಯುತ್ತದೆ. ಕಣ್ಣಂದಾಜು ಸಾಲದು, ತೂಗುಗುಂಡು ಇಳಿಬಿಡಬೇಕು. ಮೂರನೆಯದು ಹೊತ್ತು. ಆ ದಿನ ಬೆಂಗಳೂರಿನ ನಿಜವಾದ ನಡುಹಗಲು 12 ಗಂಟೆ 18 ನಿಮಿಷಕ್ಕೆ. ಹನ್ನೆರಡಕ್ಕೆ ಅಳೆದು ಇಳಿದುಬಂದರೆ ತಪ್ಪು. 11 ಗಂಟೆ 50ರಿಂದ 12 ಗಂಟೆ 45ರವರೆಗೆ ಐದೈದು ನಿಮಿಷಕ್ಕೆ ಒಂದು ಗುರುತು ಹಾಕಿ, ಕೋಲಿನ ಬುಡಕ್ಕೆ ಅತಿ ಹತ್ತಿರದ ಗುರುತನ್ನು ಆರಿಸಿಕೊಳ್ಳಬೇಕು. ಬುಡದಿಂದ ಆ ಗುರುತಿಗೆ ಎಳೆದ ಗೆರೆ ನೇರ ಉತ್ತರ. ಮನೆಗೆ ದಿಕ್ಕು ನೋಡುವವರು ಫೋನಿನ ಕಂಪಾಸ್ ನಂಬುವುದಕ್ಕಿಂತ ಇದನ್ನು ನಂಬುವುದು ಮೇಲು. ತಾರಸಿಯ ಕಾಂಕ್ರೀಟಿನೊಳಗಿನ ಕಂಬಿ ಕಂಪಾಸಿನ ಮುಳ್ಳನ್ನು ಎಳೆಯುತ್ತದೆ, ನೆರಳನ್ನು ಎಳೆಯುವುದಿಲ್ಲ.

ಮಸುಕಿಗೆ ಮದ್ದು ಇದೆ. ಕೋಲಿನ ತುದಿಗೆ ಒಂದು ರಟ್ಟು ಅಂಟಿಸಿ, ಅದರಲ್ಲಿ ಮೂರು ಮಿಲಿಮೀಟರಿನ ತೂತು ಮಾಡಿದರೆ ನೆಲದ ಮೇಲೆ ಸೂರ್ಯನದೇ ಒಂದು ಪುಟ್ಟ ಬಿಂಬ ಬೀಳುತ್ತದೆ. ಹೆಬ್ಬೆರಳ ಉಗುರಿನಷ್ಟು, ತುಸು ಉದ್ದಕ್ಕೆ ಎಳೆದಂತೆ. ಆ ಬಿಂಬದ ನಡುವನ್ನು ಗುರುತಿಸುವುದು ಮಸುಕು ಅಂಚನ್ನು ಗುರುತಿಸುವುದಕ್ಕಿಂತ ಎಷ್ಟೋ ಸುಲಭ. ಇಷ್ಟಾದ ಮೇಲೂ ಡಿಸೆಂಬರ್ 21ನ್ನೇ ನೇರವಾಗಿ ಹಿಡಿಯಲು ಹೋಗಬಾರದು. ಡಿಸೆಂಬರ್ ಒಂದನೇ ತಾರೀಖಿನ ಸುಮಾರಿಗೆ ನೆರಳು 69 ಸೆಂಟಿಮೀಟರ್ ದಾಟಿರುತ್ತದೆ ಅಷ್ಟೇ, ದಿನಕ್ಕೆ ಮೂರು–ನಾಲ್ಕು ಮಿಲಿಮೀಟರಿನಂತೆ ಬೆಳೆಯುತ್ತಿರುತ್ತದೆ. ಆ ಗುರುತು ಹಾಕಿಟ್ಟು, ಜನವರಿಯಲ್ಲಿ ನೆರಳು ಹಿಂದೆ ಸರಿದು ಮತ್ತೆ ಅದೇ ಗುರುತಿಗೆ ಬರುವ ದಿನವನ್ನು ಕಾಯಬೇಕು. ಎರಡರ ನಡುವಿನ ದಿನವೇ ಅಯನ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ ಕವಿಯುವ ವಾರವೂ ಡಿಸೆಂಬರಿನಲ್ಲಿ ಇದ್ದೇ ಇರುತ್ತದೆ. ಒಂದೇ ಗುರುತು ನೆಚ್ಚದೆ ನಾಲ್ಕೈದು ದಿನದ ಗುರುತು ಇಟ್ಟುಕೊಂಡವರು ಬಚಾವ್.

ಇದನ್ನೇ ಚೀನಾದ ಜು ಛೋಂಗ್‌ಜಿ 5ನೇ ಶತಮಾನದಲ್ಲಿ ಮಾಡಿದ. ಅಯನದ ಹಿಂದಿನ ಮತ್ತು ಮುಂದಿನ ದಿನಗಳ ನೆರಳನ್ನು ಹೋಲಿಸಿ ನಡುವನ್ನು ಲೆಕ್ಕಹಾಕಿದ. ಚೀನಾದ ರೂಢಿಯ ಶಂಕುವಿನ ಎತ್ತರ 8 ಚಿ, ಅಂದರೆ ಆಳೆತ್ತರಕ್ಕಿಂತ ತುಸು ಹೆಚ್ಚು. 13ನೇ ಶತಮಾನದಲ್ಲಿ ಗುವೊ ಶೌಜಿಂಗ್ ಅದನ್ನು ಐದು ಪಟ್ಟು ಮಾಡಿ 40 ಚಿಗೆ ಏರಿಸಿದ. ಹೆನಾನ್ ಪ್ರಾಂತದ ಗಾವೊಚೆಂಗ್‌ನಲ್ಲಿ ಅವನ ಕಾಲದ ಆ ಇಟ್ಟಿಗೆಯ ಗೋಪುರ, ಅದರ ಮುಂದೆ ನೆರಳು ಅಳೆಯಲು ಉದ್ದಕ್ಕೆ ಹಾಸಿದ ಕಲ್ಲಿನ ಸಾಲು ಇಂದಿಗೂ ಇವೆ. ಎತ್ತರ ಹೆಚ್ಚಿದಂತೆ ಮಸುಕೂ ಹೆಚ್ಚುತ್ತದಲ್ಲ, ಅದಕ್ಕೆ ಅವನು ತೂತಿರುವ ಒಂದು ಸಣ್ಣ ತಗಡನ್ನು ಕಲ್ಲಿನ ಮೇಲೆ ಹಿಂದೆಮುಂದೆ ಸರಿಸಿ ಬಿಂಬವನ್ನು ಚೂಪುಮಾಡಿಕೊಂಡ. 1281ರಲ್ಲಿ ಜಾರಿಗೆ ಬಂದ ಅವನ ಪಂಚಾಂಗ ವರ್ಷಕ್ಕೆ 365.2425 ದಿನ ಇಟ್ಟುಕೊಂಡಿತ್ತು. ಇಂದು ಜಗತ್ತೆಲ್ಲ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿನ ಅಂಕಿಯೂ ಅದೇ, ಅದು ಬಂದದ್ದು ಮುನ್ನೂರು ವರ್ಷ ತಡವಾಗಿ.

ಇಷ್ಟು ಶ್ರದ್ಧೆಯಿಂದ ಅಳೆದ ದಿನವನ್ನು ಅವರು ಅಷ್ಟೇ ಶ್ರದ್ಧೆಯಿಂದ ಆಚರಿಸಿದರು. ‘ದೊಂಗ್‌ಜಿ’ ಹೊಸವರ್ಷದಷ್ಟೇ ದೊಡ್ಡದು ಎಂಬ ಗಾದೆ ಅಲ್ಲಿದೆ. ಬೀಜಿಂಗಿನಲ್ಲಿ 1530ರಲ್ಲಿ ಕಟ್ಟಿದ ಸ್ವರ್ಗದ ವೇದಿಕೆ ದುಂಡಗಿದೆ, ಮೂರು ಅಂತಸ್ತು, ಮೇಲೆ ಚಾವಣಿ ಇಲ್ಲ. ಚಕ್ರವರ್ತಿ ಮೊದಲೇ ಉಪವಾಸವಿದ್ದು, ಅಯನದಂದು ಬೆಳಕು ಹರಿಯುವ ಮುನ್ನ ಅದನ್ನೇರಿ ಆಕಾಶಕ್ಕೆ ಬಲಿ ಅರ್ಪಿಸುತ್ತಿದ್ದ. ಮನೆಗಳಲ್ಲಿ ಉತ್ತರದವರು ಮಾಂಸ ತುಂಬಿದ ಕಡುಬು ಬೇಯಿಸಿದರೆ ದಕ್ಷಿಣದವರು ‘ಥಾಂಗ್‌ಯುವಾನ್’ ಎಂಬ ಅಕ್ಕಿಹಿಟ್ಟಿನ ಉಂಡೆ ಮಾಡುತ್ತಾರೆ, ಒಳಗೆ ಕರಿಎಳ್ಳು–ಸಕ್ಕರೆಯ ಹೂರಣ. ನಮ್ಮ ಕಡೆಯವರು ಇದನ್ನು ಮಾಡಲು ಹೊರಟಾಗ ಸೋಲುವುದು ಅಕ್ಕಿಯ ವಿಷಯದಲ್ಲಿ. ಅದಕ್ಕೆ ಬೇಕಾದದ್ದು ಅಂಟು ಅಕ್ಕಿಯ ಹಿಟ್ಟು. ಸೋನಾಮಸೂರಿಯ ಹಿಟ್ಟಿನಲ್ಲಿ ಆ ಬಗೆಯ ಪಿಷ್ಟ ಸಾಲದು. ನಮ್ಮ ಕಡುಬಿಗೆ ಮಾಡುವಂತೆ ಕುದಿನೀರಿಗೆ ಹಾಕಿ ಉಕ್ಕರಿಸಿದರಷ್ಟೇ ಅದು ಹಿಡಿದುಕೊಳ್ಳುತ್ತದೆ, ಆದರೂ ಜಗಿಯುವಾಗಿನ ಆ ಎಳೆತ ಬರುವುದಿಲ್ಲ. 200 ಗ್ರಾಂ ಅಂಟು ಅಕ್ಕಿಹಿಟ್ಟಿಗೆ ಬೆಚ್ಚನೆಯ ನೀರು 160 ಮಿಲಿಲೀಟರಿನಿಂದ ಶುರುಮಾಡಿ, ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ ಚಮಚ ಚಮಚವಾಗಿ ಸೇರಿಸಬೇಕು. ಉಂಡೆ ಕಟ್ಟುವಾಗ ಬಿರುಕು ಬಿಟ್ಟರೆ ಇನ್ನಷ್ಟು ನೀರು ಸುರಿಯಬಾರದು. ನಿಂಬೆ ಗಾತ್ರದ ಹಿಟ್ಟು ತೆಗೆದು ಕುದಿನೀರಿನಲ್ಲಿ ಬೇಯಿಸಿ, ಅದನ್ನು ಉಳಿದ ಹಿಟ್ಟಿಗೆ ಸೇರಿಸಿ ನಾದಿದರೆ ಅದೇ ಅಂಟಾಗಿ ಹಿಡಿಯುತ್ತದೆ. ಬೇಯುವಾಗ ಸೌಟಿನ ಬೆನ್ನಿನಿಂದ ಮೆಲ್ಲಗೆ ತಳ ಬಿಡಿಸುತ್ತಿರಬೇಕು. ತೇಲಿದ ಮೇಲೆ ಒಂದೆರಡು ನಿಮಿಷ ಸಾಕು.

ಚೀನಿಯರ ಇನ್ನೊಂದು ಪದ್ಧತಿ ಇದಕ್ಕಿಂತಲೂ ಮನಸ್ಸಿಗೆ ಹತ್ತಿರವಾಗುತ್ತದೆ. ಅಯನದ ದಿನ ಒಂದು ಹಾಳೆಯ ಮೇಲೆ ಹೂಬಿಟ್ಟ ಪ್ಲಮ್ ಕೊಂಬೆಯ ಚಿತ್ರ ಬರೆಯುತ್ತಾರೆ, ಬರೀ ಗೆರೆಯಲ್ಲಿ. ಒಂಬತ್ತು ಹೂ, ಹೂವಿಗೆ ಒಂಬತ್ತು ಎಸಳು. ದಿನಕ್ಕೊಂದು ಎಸಳಿಗೆ ಬಣ್ಣ ತುಂಬುತ್ತಾ ಹೋದರೆ 81 ದಿನಕ್ಕೆ ಕೊಂಬೆ ಪೂರ್ತಿ ಅರಳುತ್ತದೆ, ಹೊರಗೆ ಚಳಿ ಮುಗಿದಿರುತ್ತದೆ. ಲೆಕ್ಕ ಹಾಕಿದರೆ ಅದು ಮಾರ್ಚ್ 11ರ ಸುಮಾರು. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟುಹೋಗುತ್ತದೆ ಎನ್ನುವ ನಮ್ಮ ಮಾತೂ ಅಲ್ಲೇ ಆಸುಪಾಸಿನಲ್ಲಿದೆ. ರಾತ್ರಿ ಅತಿ ಉದ್ದವಾಗುವುದು ಡಿಸೆಂಬರಿನಲ್ಲಾದರೂ ನೆಲ ಇನ್ನೂ ಕೆಲವು ವಾರ ಪಡೆಯುವುದಕ್ಕಿಂತ ಕಳೆದುಕೊಳ್ಳುವ ಶಾಖವೇ ಹೆಚ್ಚು. ಬೆಂಗಳೂರಿನ ದಾಖಲೆಯ ಅತಿ ಕನಿಷ್ಠ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್ ಬಂದದ್ದು 1884ರ ಜನವರಿ 13ರಂದು, ಹೆಚ್ಚುಕಡಿಮೆ ಸಂಕ್ರಾಂತಿಯ ಹೊತ್ತಿಗೆ.

ಯುರೋಪಿನ ಉತ್ತರ ತುದಿಯಲ್ಲಿ ನೆರಳಿಗಿಂತ ದಿಗಂತ ಹೆಚ್ಚು ಕೆಲಸಕ್ಕೆ ಬಂತು. ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವ ಜಾಗ ವರ್ಷವಿಡೀ ನೇರ ಪೂರ್ವದಿಂದ ಎಡಕ್ಕೆ 24, ಬಲಕ್ಕೆ 24 ಡಿಗ್ರಿ ಓಡಾಡುತ್ತದೆ. ಐರ್ಲೆಂಡಿನಲ್ಲಿ ಆ ಓಡಾಟ ಎರಡೂ ಕಡೆಗೆ 42 ಡಿಗ್ರಿ. ಅಲ್ಲಿನ ನ್ಯೂಗ್ರೇಂಜ್ ದಿಬ್ಬವನ್ನು ಕಟ್ಟಿದ್ದು ಕ್ರಿಸ್ತಪೂರ್ವ 3200ರ ಸುಮಾರಿಗೆ. 19 ಮೀಟರ್ ಉದ್ದದ ಕಲ್ಲಿನ ಓಣಿ, ಬಾಗಿಲ ಮೇಲೆ ಬೆಳಕಿಗೆಂದೇ ಬಿಟ್ಟ ಒಂದು ಕಿಂಡಿ. ಅಯನದ ಆಸುಪಾಸಿನ ಐದಾರು ಬೆಳಗು ಮಾತ್ರ ಬಿಸಿಲು ಒಳಗಿನ ಕೋಣೆ ಮುಟ್ಟಿ 17 ನಿಮಿಷ ಇರುತ್ತದೆ. ಉತ್ಖನನ ಮಾಡುತ್ತಿದ್ದ ಮೈಕೆಲ್ ಓಕೆಲಿ ಅದನ್ನು ಕಣ್ಣಾರೆ ಕಂಡದ್ದು 1967ರ ಡಿಸೆಂಬರ್ 21ರಂದು. ಇಂದು ಬೆಳಕು ಒಳಗೆ ಹೊಗುವುದು ಸೂರ್ಯೋದಯವಾಗಿ ನಾಲ್ಕು ನಿಮಿಷದ ಮೇಲೆ. ಭೂಮಿಯ ಅಕ್ಷದ ವಾಲು ಈ ಐದು ಸಾವಿರ ವರ್ಷದಲ್ಲಿ ಸ್ವಲ್ಪ ಕಡಿಮೆಯಾಗಿದೆ, ಕಲ್ಲು ಮಾತ್ರ ಇಟ್ಟಲ್ಲೇ ಇದೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಪುರಾತನ ಶಿಲಾವೃತ್ತದ ಬಳಿಯ ಡರಿಂಗ್ಟನ್ ವಾಲ್ಸ್‌ನಲ್ಲಿ ರಾಶಿ ಹಂದಿಮೂಳೆ ಸಿಕ್ಕಿದೆ. ಹಲ್ಲು ನೋಡಿದರೆ ಬಹುಪಾಲು ಒಂಬತ್ತು ತಿಂಗಳ ಹಂದಿಗಳು. ಹಂದಿ ಮರಿಹಾಕುವುದು ವಸಂತದಲ್ಲಿ. ಅದಕ್ಕೆ ಒಂಬತ್ತು ಸೇರಿಸಿದರೆ ಔತಣ ನಡೆದದ್ದು ನಡುಚಳಿಯಲ್ಲಿ ಎಂದಾಯಿತು. ಬರಹವೇ ಇಲ್ಲದ ಜನರ ಹಬ್ಬದ ತಿಂಗಳನ್ನು ಒಂದು ಹಲ್ಲು ಹೇಳುತ್ತದೆ.

ಹಗಲು ಏಳೂವರೆ ಗಂಟೆಗೆ ಇಳಿಯುವ ಊರಿನಲ್ಲಿ ಅಯನ ಹೊಟ್ಟೆಯ ಪ್ರಶ್ನೆ. ನಮ್ಮಲ್ಲಿ ಅತಿ ಉದ್ದದ ರಾತ್ರಿಯೂ 12 ಗಂಟೆ 37 ನಿಮಿಷ. ಬೆಳಕು ಹಿಂದಿರುಗಿತು ಎಂಬ ಅವರ ಸಂಭ್ರಮ ಬೆಂಗಳೂರಿನಲ್ಲಿ ಕುಳಿತು ಪೂರ್ತಿ ಅರ್ಥವಾಗಲಿಕ್ಕಿಲ್ಲ.

ರೋಮನರ ಸಟರ್ನೇಲಿಯಾ ಡಿಸೆಂಬರ್ 17ಕ್ಕೆ ಶುರುವಾಗಿ ಕ್ರಮೇಣ ವಾರದವರೆಗೆ ಬೆಳೆಯಿತು. ಮೇಣದ ಬತ್ತಿ, ಮಣ್ಣಿನ ಪುಟ್ಟ ಗೊಂಬೆಗಳ ಉಡುಗೊರೆ, ಬಹಿರಂಗವಾಗಿ ಜೂಜು, ಯಜಮಾನ–ಗುಲಾಮ ಒಟ್ಟಿಗೆ ಊಟ. ಕ್ರಿಸ್ತಪೂರ್ವ 45ರಲ್ಲಿ ಜೂಲಿಯಸ್ ಸೀಸರನ ಕ್ಯಾಲೆಂಡರ್ ಬಂದಾಗ ಅಯನಕ್ಕೆ ಇಟ್ಟ ತಾರೀಖು ಡಿಸೆಂಬರ್ 25. ಆದರೆ ಆ ಕ್ಯಾಲೆಂಡರಿನ ವರ್ಷ ನಿಜವಾದ ಋತುವರ್ಷಕ್ಕಿಂತ 11 ನಿಮಿಷ ಉದ್ದ. 128 ವರ್ಷಕ್ಕೆ ಒಂದು ದಿನ ಜಾರುತ್ತದೆ. ಸೂರ್ಯ 25ರಿಂದ ಹಿಂದೆ ಸರಿಯುತ್ತಾ ಹೋದ, ತಾರೀಖಿಗೆ ಅಂಟಿಕೊಂಡ ಹಬ್ಬ ಅಲ್ಲೇ ಉಳಿಯಿತು. 14ನೇ ಶತಮಾನಕ್ಕೆ ಅತಿ ಉದ್ದದ ರಾತ್ರಿ ಡಿಸೆಂಬರ್ 13ಕ್ಕೆ ಬಂದು ಕುಳಿತಿತ್ತು. ಸ್ವೀಡನ್ನಿನಲ್ಲಿ ಹೆಣ್ಣುಮಕ್ಕಳು ಬಿಳಿಯ ಉಡುಪು ತೊಟ್ಟು, ತಲೆಯ ಮೇಲೆ ದೀಪದ ಕಿರೀಟ ಇಟ್ಟು, ಕೇಸರಿ ಹಾಕಿದ ಬನ್ನು ಹಂಚುವ ಲೂಸಿಯಾ ಹಬ್ಬ ಇಂದಿಗೂ ಅದೇ 13ಕ್ಕೆ. 1582ರಲ್ಲಿ ಪೋಪ್ ಗ್ರೆಗರಿ ಹತ್ತು ದಿನ ಕಿತ್ತುಹಾಕಿ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಮಾಡಿದಾಗ ಅಯನ 21–22ಕ್ಕೆ ಬಂತು. ಲೂಸಿಯಾ ಮಾತ್ರ ತನ್ನ ಜಾಗ ಬಿಡಲಿಲ್ಲ.

ನಮ್ಮ ಸಂಕ್ರಾಂತಿಯದೂ ಇದೇ ಬಗೆಯ ಜಾರುವಿಕೆ, ಕಾರಣ ಮಾತ್ರ ಬೇರೆ. ನಾವು ಸೂರ್ಯನನ್ನು ಎಣಿಸುವುದು ನಕ್ಷತ್ರದ ಲೆಕ್ಕದಲ್ಲಿ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ಅಯನದ ಬಿಂದು ನಕ್ಷತ್ರಗಳ ನಡುವೆ 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರಿಯುತ್ತದೆ. ವೇದಾಂಗ ಜ್ಯೋತಿಷದ ಕಾಲದಲ್ಲಿ ಸೂರ್ಯ ಉತ್ತರಕ್ಕೆ ತಿರುಗುತ್ತಿದ್ದದ್ದು ಧನಿಷ್ಠೆಯ ಆರಂಭದಲ್ಲಿ. 6ನೇ ಶತಮಾನದ ವರಾಹಮಿಹಿರನ ಕಾಲಕ್ಕೆ ಅದು ಮಕರದ ಆರಂಭಕ್ಕೆ ಬಂದಿತ್ತು. ಈಗ ಅಯನದ ದಿನ ಸೂರ್ಯ ಇರುವುದು ಧನುರಾಶಿಯಲ್ಲಿ, ಮೂಲಾ ನಕ್ಷತ್ರದಲ್ಲಿ. ಧನುರ್ಮಾಸದ ನಸುಕಿನಲ್ಲಿ ದೇವಸ್ಥಾನದ ಹುಗ್ಗಿಗೆ ಸಾಲು ನಿಲ್ಲುವ ದಿನಗಳಲ್ಲೇ ಉತ್ತರಾಯಣ ಸದ್ದಿಲ್ಲದೆ ಶುರುವಾಗಿರುತ್ತದೆ. ಹೀಗೆ ಸರಿದ ಒಟ್ಟು ದೂರಕ್ಕೆ ಅಯನಾಂಶ ಎಂದು ಹೆಸರು, ಅದು ಈಗ 24 ಡಿಗ್ರಿ ದಾಟಿದೆ. ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿ ನಡೆಯುವುದರಿಂದ ಅಯನಕ್ಕೂ ಸಂಕ್ರಾಂತಿಗೂ 24 ದಿನದ ಅಂತರ.

ಈ ಜಾರುವಿಕೆ ಒಂದೆರಡು ತಲೆಮಾರಿನಲ್ಲೇ ಕಾಣುತ್ತದೆ. ನಕ್ಷತ್ರದ ವರ್ಷ ಋತುವರ್ಷಕ್ಕಿಂತ 20 ನಿಮಿಷ ಚಿಲ್ಲರೆ ಉದ್ದ, ಎಪ್ಪತ್ತು ವರ್ಷಕ್ಕೆ ಒಂದು ದಿನ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ, ತಾರೀಖು 1863ರ ಜನವರಿ 12. ಅಂದಿನ 12 ಇಂದಿಗೆ 14–15 ಆಗಿದೆ.

ಹಾಗಾದರೆ ಸಂಕ್ರಾಂತಿಯನ್ನು ಡಿಸೆಂಬರಿಗೆ ಎಳೆದು ತರಬೇಕೆ? ಈ ವಾದ ಪ್ರತಿವರ್ಷ ಏಳುತ್ತದೆ. ಬೇಡ ಎಂಬುದೇ ಸರಿಯಾದ ಉತ್ತರ. ಸಂಕ್ರಾಂತಿ ಎಂದರೆ ರಾಶಿಯಿಂದ ರಾಶಿಗೆ ದಾಟುವುದು, ಆ ಲೆಕ್ಕ ತಪ್ಪಿಲ್ಲ. ಸುಗ್ಗಿ, ಕಬ್ಬು, ದನಗಳಿಗೆ ಕಿಚ್ಚು ಹಾಯಿಸುವುದು, ಎಳ್ಳು ಬೀರುವುದು ಎಲ್ಲವೂ ಆ ದಿನಕ್ಕೆ ಹೊಂದಿಕೊಂಡಿವೆ. ಆದರೆ ‘ಉತ್ತರಾಯಣ ಇವತ್ತು ಶುರು’ ಎಂದು ಮಕ್ಕಳಿಗೆ ಹೇಳಿಕೊಡುವುದನ್ನು ನಿಲ್ಲಿಸಬೇಕು. ವರಾಹಮಿಹಿರನೇ ಬೃಹತ್ಸಂಹಿತೆಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾನೆ: ಹಳೆಯ ಶಾಸ್ತ್ರಗಳು ಹೇಳಿದ ಜಾಗದಲ್ಲಿ ಒಂದು ಕಾಲಕ್ಕೆ ಅಯನ ಆಗುತ್ತಿದ್ದಿರಬೇಕು, ಈಗ ಹಾಗಿಲ್ಲ, ಪ್ರತ್ಯಕ್ಷ ಪರೀಕ್ಷೆ ಮಾಡಿ ತಿಳಿಯಬೇಕು. ಹೇಗೆ ಎಂಬುದನ್ನೂ ಹೇಳಿದ್ದಾನೆ. ಹುಟ್ಟುವ ಅಥವಾ ಮುಳುಗುವ ಸೂರ್ಯನನ್ನು ದೂರದ ಗುರುತಿಗೆ ಹೊಂದಿಸಿ ನೋಡು, ಇಲ್ಲವೇ ದೊಡ್ಡ ವೃತ್ತ ಬರೆದು ಶಂಕುವಿನ ನೆರಳು ಒಳಬರುವ, ಹೊರಹೋಗುವ ಜಾಗ ಗುರುತಿಸು. ಸಾವಿರದ ಐನೂರು ವರ್ಷ ಹಿಂದೆ ಶಾಸ್ತ್ರಕಾರನೊಬ್ಬ ಶಾಸ್ತ್ರಕ್ಕಿಂತ ಕಣ್ಣನ್ನು ನಂಬು ಎಂದದ್ದು ನಮ್ಮ ಹೆಮ್ಮೆಯ ಸಂಗತಿ. ಶರಶಯ್ಯೆಯ ಮೇಲೆ 58 ರಾತ್ರಿ ಕಳೆದ ಭೀಷ್ಮ ಕಾದದ್ದು ಆಕಾಶದ ಉತ್ತರಾಯಣಕ್ಕೇ.

ಸೂರ್ಯನನ್ನು ತಪ್ಪಿಸಿಕೊಳ್ಳದೆ ಹಿಡಿದವರು ಇರಾನಿನವರು. ಅಲ್ಲಿ ಹೊಸವರ್ಷ ಹಗಲು–ರಾತ್ರಿ ಸಮನಾಗುವ ವಸಂತದ ವಿಷುವತ್ತಿನ ಕ್ಷಣಕ್ಕೆ ಹುಟ್ಟುತ್ತದೆ. ಉಮರ್ ಖಯ್ಯಾಮ್ ಕೂಡ ಕೆಲಸ ಮಾಡಿದ 1079ರ ಸುಧಾರಣೆ ಆ ಕ್ಯಾಲೆಂಡರನ್ನು ಬಿಗಿಗೊಳಿಸಿತು. ಆದ್ದರಿಂದ ಆಜರ್ ತಿಂಗಳ ಕೊನೆಯ ರಾತ್ರಿ ಪ್ರತಿವರ್ಷ ಅಯನದ ರಾತ್ರಿಯೇ. ಅದೇ ಯಲ್ದಾ, ‘ಹುಟ್ಟು’ ಎಂಬರ್ಥದ ಸಿರಿಯಾಕ್ ಪದ. ಇದ್ದಿಲ ಅಗ್ಗಿಷ್ಟಿಕೆಯನ್ನು ಗಿಡ್ಡ ಮೇಜಿನ ಕೆಳಗಿಟ್ಟು, ಮೇಲೆ ದಪ್ಪ ರಜಾಯಿ ಹೊದಿಸಿ, ಸುತ್ತ ಮನೆಮಂದಿಯೆಲ್ಲ ಅದರೊಳಗೆ ಕಾಲು ಚಾಚಿ ಕೂರುತ್ತಿದ್ದರು. ದಾಳಿಂಬೆ, ಕಲ್ಲಂಗಡಿ, ಒಣಹಣ್ಣು. ಹಿರಿಯರು ಹಾಫಿಜ್ ಕವಿಯ ಪುಸ್ತಕ ತೆರೆದು, ಸಿಕ್ಕ ಪುಟದ ಗಜಲ್ ಓದಿ ಒಬ್ಬೊಬ್ಬರಿಗೂ ಶಕುನ ಹೇಳುತ್ತಾರೆ. 2022ರಲ್ಲಿ ಯುನೆಸ್ಕೊ ಇರಾನ್ ಮತ್ತು ಅಫ್ಘಾನಿಸ್ತಾನಗಳ ಹೆಸರಿನಲ್ಲಿ ಯಲ್ದಾವನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜಪಾನಿನಲ್ಲಿ ಅವತ್ತು ಯುಜು ಎಂಬ ನಿಂಬೆಜಾತಿಯ ಹಣ್ಣು ತೇಲಿಬಿಟ್ಟ ಬಿಸಿನೀರಿನ ಸ್ನಾನ, ಊಟಕ್ಕೆ ಸಿಹಿಗುಂಬಳ. ಪೆರುವಿನ ಕುಸ್ಕೊದಲ್ಲಿ ಇಂಕಾಗಳ ಇಂತಿ ರಾಯ್ಮಿ ಜೂನ್ 24ಕ್ಕೆ, ಏಕೆಂದರೆ ಅವರ ಚಳಿಗಾಲ ಆಗ. ಸ್ಪೇನಿನವರು ನಿಲ್ಲಿಸಿದ್ದ ಅದನ್ನು 1944ರಲ್ಲಿ ಮತ್ತೆ ಶುರುಮಾಡಿದರು.

ಬೆಂಗಳೂರಿನಲ್ಲಿ ಅಯನದ ದಿನಕ್ಕೆಂದು ಹಬ್ಬವಿಲ್ಲ, ನಿಜ. ಆದರೆ ಆ ಉದ್ದ ರಾತ್ರಿಗಳನ್ನು ಎಣಿಸುವ ಒಂದು ಬಳ್ಳಿ ಇದೆ. ರಾಗಿಯ ಹೊಲದಲ್ಲಿ ಅಕ್ಕಡಿಯಾಗಿ ಮುಂಗಾರಿನಲ್ಲೇ ಬಿತ್ತಿದ ನಾಟಿ ಅವರೆ ಮಳೆಗಾಲವಿಡೀ ಹಬ್ಬುತ್ತದೆ, ಹೂ ಮಾತ್ರ ಬಿಡುವುದಿಲ್ಲ. ಅದು ಕಾಯುವುದು ಹಗಲು ಕುಗ್ಗುವುದನ್ನು. ನಮ್ಮ ಹಗಲು ಜೂನಿನಲ್ಲಿ 12 ಗಂಟೆ 54 ನಿಮಿಷ, ಡಿಸೆಂಬರಿನಲ್ಲಿ 11 ಗಂಟೆ 23 ನಿಮಿಷ. ನಮಗೆ ಗಮನಕ್ಕೇ ಬಾರದ ಈ ಒಂದೂವರೆ ಗಂಟೆಯ ವ್ಯತ್ಯಾಸವನ್ನು ಅವರೆಯ ಎಲೆ ಅಳೆಯುತ್ತದೆ. ತಡವಾಗಿ ಬಿತ್ತಿದ ಗಿಡವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೂ ಬಿಡುತ್ತದೆ, ಗಿಡ ಚಿಕ್ಕದಿರುತ್ತದೆ ಅಷ್ಟೇ. ಸೇವಂತಿಗೆಯೂ ಇದೇ ಜಾತಿಯ ಲೆಕ್ಕದ ಗಿಡ. ಅದಕ್ಕೇ ಪಾಲಿಹೌಸಿನಲ್ಲಿ ರಾತ್ರಿ ಬಲ್ಬು ಹಾಕಿ ಹೂವನ್ನು ಮುಂದಕ್ಕೆ ತಳ್ಳುವುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3 ಮತ್ತು 4 ತಳಿಗಳಿಗೆ ಈ ಕಟ್ಟುಪಾಡಿಲ್ಲ, ವರ್ಷವಿಡೀ ಕಾಯಿ ಬಿಡುತ್ತವೆ. ರೈತರಿಗೆ ಅದರಿಂದ ಅನುಕೂಲವಾಗಿದೆ. ಆದರೂ ಡಿಸೆಂಬರ್–ಜನವರಿಯಲ್ಲಿ ಬರುವ ನಾಟಿ ಕಾಯಿಯ ಸೊಗಡೇ ಬೇರೆ. ಸಿಪ್ಪೆಯ ಮೇಲಿನ ಜಿಡ್ಡು ಬೆರಳಿಗೆ ಅಂಟಿ, ಸೋಪು ಹಾಕಿ ತೊಳೆದರೂ ಸಂಜೆವರೆಗೆ ಕೈ ಘಮಗುಡುತ್ತದೆ.

ಹಿದುಕಿದ ಬೇಳೆಗೆ ಕಾಯಿ ಆರಿಸುವಾಗ ಕಾಳು ತುಂಬಿ ಉಬ್ಬಿರುವ, ಸಿಪ್ಪೆ ಇನ್ನೂ ಹಸಿರಾಗಿರುವ ಕಾಯಿ ಬೇಕು. ಎಳೆಕಾಳು ಹಿದುಕುವಾಗ ಜಜ್ಜಿಹೋಗುತ್ತದೆ, ಬಲಿತದ್ದು ಬೇಯುವುದಿಲ್ಲ. ಒಂದು ಕೆ.ಜಿ. ಕಾಯಿಯಲ್ಲಿ ಅರ್ಧ ಕೆ.ಜಿ.ಗೂ ಕಡಿಮೆ ಕಾಳು ಸಿಗುವುದೆಂದು ಲೆಕ್ಕ ಇಟ್ಟುಕೊಂಡೇ ಕೊಳ್ಳಬೇಕು. ಬಿಡಿಸಿದ ಕಾಳನ್ನು ಮುಳುಗುವಷ್ಟು ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಬರುತ್ತದೆ. ಮಧ್ಯಾಹ್ನದವರೆಗೆ ನೀರಿನಲ್ಲೇ ಬಿಟ್ಟರೆ ಲೋಳೆಯಾಗಿ ಹುಳಿವಾಸನೆ ಹಿಡಿಯುತ್ತದೆ. ಸಾರಿಗೆ ಮಸಾಲೆ ಕುದಿದ ಮೇಲೆ ಬೇಳೆ ಹಾಕಬೇಕು. ಮೊದಲೇ ಹಾಕಿದರೆ ಕರಗಿ ಗಂಜಿ.

ಸಂಕ್ರಾಂತಿಯ ಎಳ್ಳಿಗೆ ಕೆಲಸ ಶುರುವಾಗುವುದು ಜನವರಿ ಮೊದಲ ವಾರದಲ್ಲೇ. ಒಂದು ಬಟ್ಟಲು ಕೊಬ್ಬರಿ, ಒಂದು ಬಟ್ಟಲು ಬೆಲ್ಲ, ಒಂದು ಕಡಲೆಕಾಯಿಬೀಜ, ಒಂದು ಹುರಿಗಡಲೆ, ಅರ್ಧ ಬಟ್ಟಲು ಬಿಳಿಎಳ್ಳು. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಬೇಕು. ಬಿಳಿಪು ಕಾಣುವುದು ಅದರಿಂದಲೇ. ಎಳ್ಳನ್ನು ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿದು, ಚಟಪಟ ಎಂದೊಡನೆ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಉಳಿದ ಕಾವಿಗೇ ಕಹಿಯಾಗುತ್ತದೆ. ಬೆರೆಸಿದ ಎಳ್ಳು ಮೂರೇ ದಿನಕ್ಕೆ ಮುದ್ದೆಯಾಗುವ ಮನೆಗಳಲ್ಲಿ ತಪ್ಪು ಬಹುತೇಕ ಬೆಲ್ಲದ್ದು. ಬೆಲ್ಲ ಗಾಳಿಯ ತೇವ ಹೀರುತ್ತದೆ, ಹುರಿದದ್ದು ಬಿಸಿಯಿರುವಾಗಲೇ ಬೆರೆಸಿದರೆ ಕರಗಿ ಎಲ್ಲವನ್ನೂ ಅಂಟಿಸುತ್ತದೆ. ಗಟ್ಟಿ ಅಚ್ಚುಬೆಲ್ಲ ತಂದು, ಅಡಕತ್ತರಿಯಲ್ಲಿ ಕಡಲೆ ಗಾತ್ರಕ್ಕೆ ಕತ್ತರಿಸಿ, ತೆಳುಬಟ್ಟೆ ಮುಚ್ಚಿ ಎರಡು ದಿನ ಬಿಸಿಲಿಗೆ ಹರವಬೇಕು, ಇಬ್ಬನಿ ಬೀಳುವ ಮುನ್ನ ಸಂಜೆ ನಾಲ್ಕಕ್ಕೆ ಒಳಗೆ ತರಬೇಕು.

ಆ ಬೆಲ್ಲದ ಚಾಪೆಯನ್ನು ತಾರಸಿಯಲ್ಲಿ ಹರವುವುದು ಜನವರಿ 10ರ ಸುಮಾರಿಗೆ. ಪಕ್ಕದಲ್ಲೇ ಕೋಲು ನಿಂತಿದ್ದರೆ, ಡಿಸೆಂಬರ್ 21ರಂದು ಎಳೆದ ಸೀಮೆಸುಣ್ಣದ ಗೆರೆಯಿಂದ ನಡುಹಗಲ ನೆರಳು ಅಷ್ಟರಲ್ಲಿ ಎರಡು ಬೆರಳಿನಷ್ಟು ಹಿಂದೆ ಸರಿದಿರುತ್ತದೆ.